ನಿಜದ ಕೊಲೆ, ನಟಿಯ ಮುಖ

1984ರ ಅಕ್ಟೋಬರ್ 8, ಸೋಮವಾರ. ಅಂದು ರಾತ್ರಿ ಅಮೆರಿಕದಲ್ಲಿ ಟೀವಿ ಹಾಕಿದ್ದ ಮನೆಗಳ ಪೈಕಿ ಅರ್ಧಕ್ಕೂ ಹೆಚ್ಚು ಮನೆಗಳು ಒಂದೇ ಚಿತ್ರವನ್ನು ನೋಡುತ್ತಿದ್ದವು. ಅದು ಎನ್‌ಬಿಸಿ ವಾಹಿನಿಗಾಗಿಯೇ ತಯಾರಾದ ‘ದಿ ಬರ್ನಿಂಗ್ ಬೆಡ್’, ಅಂದರೆ ‘ಉರಿಯುವ ಹಾಸಿಗೆ’. ವರ್ಷಗಟ್ಟಲೆ ಹೊಡೆತ ತಿಂದ ಹೆಂಗಸೊಬ್ಬಳು, ಮಲಗಿದ್ದ ಗಂಡಸಿನ ಹಾಸಿಗೆಯ ಸುತ್ತ ಪೆಟ್ರೋಲ್ ಸುರಿದು ಬೆಂಕಿ ಇಟ್ಟ ಕಥೆ. ಕಥೆ ಎನ್ನುವುದು ಬಾಯಿಮಾತಿಗೆ ಮಾತ್ರ. ಏಳು ವರ್ಷಗಳ ಹಿಂದೆ ಮಿಚಿಗನ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಇದು ನಿಜವಾಗಿ ನಡೆದಿತ್ತು. ಆ ಹೆಂಗಸು ಇನ್ನೂ ಬದುಕಿದ್ದಳು. ಮಕ್ಕಳೂ ಬದುಕಿದ್ದರು.

ಆದರೆ ಅಷ್ಟು ಜನ ಟೀವಿಯ ಮುಂದೆ ಕೂತದ್ದು ಆಕೆಗಾಗಿ ಅಲ್ಲ, ಆಕೆಯ ಪಾತ್ರ ವಹಿಸಿದ್ದ ಫರಾ ಫಾಸೆಟ್‌ಗಾಗಿ. 1976ರಲ್ಲಿ ‘ಚಾರ್ಲೀಸ್ ಏಂಜಲ್ಸ್’ ಧಾರಾವಾಹಿಯಿಂದ ಮನೆಮಾತಾದ ಚೆಲುವೆ ಆಕೆ. ಕೆಂಪು ಈಜುಡುಗೆಯ ಆಕೆಯ ಚಿತ್ರ ಆ ಕಾಲದ ಹುಡುಗರ ಕೋಣೆಯ ಗೋಡೆಗಳ ಮೇಲೆಲ್ಲ ಇತ್ತು. ಆಕೆಯ ಕೇಶವಿನ್ಯಾಸವನ್ನು ಹೆಣ್ಣುಮಕ್ಕಳು ಊರೂರಿನಲ್ಲಿ ಅನುಕರಿಸುತ್ತಿದ್ದರು. ಅಂಥ ಮುಖ ಅಂದು ಬಾತುಕೊಂಡು, ಕಪ್ಪುಗಟ್ಟಿ, ತುಟಿ ಒಡೆದು ತೆರೆಯ ಮೇಲೆ ಬಂತು. ನೋಡಿದವರು ದಂಗಾದರು.

ನಡೆದ ಅಪರಾಧವನ್ನು ನಾಟಕವಾಗಿಸುವುದು ಹೊಸ ಸಂಗತಿಯಲ್ಲ. ಆದರೆ ಅಂಥ ನಾಟಕಕ್ಕೆ ಪಳಗಿದ, ಹೆಸರು ಮಾಡಿದ ನಟಿಯೊಬ್ಬಳನ್ನು ತಂದು ನಿಲ್ಲಿಸಿದಾಗ ಏನಾಗುತ್ತದೆ? ಟೀವಿಯ ಕಳೆದ ಐವತ್ತು ವರ್ಷಗಳ ಇತಿಹಾಸವನ್ನು ತಿರುವಿ ಹಾಕಿದರೆ ಒಂದು ಅಂಶ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ನಟಿಯನ್ನು ಯಾವ ಕುರ್ಚಿಯಲ್ಲಿ ಕೂರಿಸುತ್ತಾರೋ, ಪ್ರೇಕ್ಷಕನೂ ಹೋಗಿ ಅದೇ ಕುರ್ಚಿಯ ಪಕ್ಕ ಕೂರುತ್ತಾನೆ. ಅದು ಆರೋಪಿಯ ಕುರ್ಚಿ ಆಗಬಹುದು, ಸಾಕ್ಷಿಯದಾಗಬಹುದು, ಪೊಲೀಸ್ ಅಧಿಕಾರಿಯದಾಗಬಹುದು. ಪಾತ್ರಕ್ಕೆ ಆರಿಸುವ ಆ ಒಂದು ನಿರ್ಧಾರದಲ್ಲೇ ಅರ್ಧ ತೀರ್ಪು ಅಡಗಿರುತ್ತದೆ.

ಮಾಟಗಾತಿಯ ಕೈಗೆ ಕೊಡಲಿ

ಅಮೆರಿಕದ ವಾಹಿನಿಗಳು 1960ರ ದಶಕದ ಕೊನೆಯಿಂದ ಟೀವಿಗಾಗಿಯೇ ವಾರಕ್ಕೊಂದು ಚಿತ್ರ ತಯಾರಿಸುವ ಪದ್ಧತಿಗೆ ಬಿದ್ದವು. ಎಬಿಸಿ ವಾಹಿನಿಯ ‘ವಾರದ ಚಿತ್ರ’ 1969ರಲ್ಲಿ ಆರಂಭವಾಯಿತು. ವಾರಕ್ಕೊಂದು ಚಿತ್ರವೆಂದರೆ ವಾರಕ್ಕೊಂದು ಕಥೆ ಬೇಕು. ಕಡಿಮೆ ಖರ್ಚಿನಲ್ಲಿ ಆಗಬೇಕು, ಎರಡು ಸಾಲಿನ ಜಾಹೀರಾತಿನಲ್ಲಿ ಜನರನ್ನು ಹಿಡಿದು ಕೂರಿಸಬೇಕು. ನ್ಯಾಯಾಲಯದ ಕಡತಗಳು ಇದಕ್ಕೆ ಬತ್ತದ ಬಾವಿಯಾದವು. ಕಥೆ ಸಿದ್ಧವಿದೆ, ಹೆಸರು ಜನರಿಗೆ ಗೊತ್ತಿದೆ, ಮೇಲಾಗಿ ‘ಇದು ನಡೆದದ್ದು’ ಎಂಬ ಒಂದು ಮಾತಿಗೆ ಇರುವ ಸೆಳೆತ ಬೇರೆ ಯಾವ ಮಾತಿಗೂ ಇಲ್ಲ.

ಕಲಾವಿದೆಯರಿಗೂ ಇದರಲ್ಲಿ ಲಾಭವಿತ್ತು. ಹಾಲಿವುಡ್ಡಿನಲ್ಲಿ ಮೂವತ್ತೈದು ದಾಟಿದ ನಾಯಕಿಗೆ ಪಾತ್ರಗಳು ಇಳಿಮುಖವಾಗುತ್ತಿದ್ದವು. ನಮ್ಮ ಚಿತ್ರರಂಗದಲ್ಲೂ ನಾಯಕ ನಾಯಕನಾಗಿಯೇ ಉಳಿದು, ನಾಯಕಿ ಅತ್ತಿಗೆಯಾಗಿ, ತಾಯಿಯಾಗಿ ಬಡ್ತಿ ಪಡೆಯುವುದನ್ನು ನೋಡಿದ್ದೇವಷ್ಟೆ. ಟೀವಿಯ ಅಪರಾಧ ಕಥೆಗಳಲ್ಲಿ ಮಾತ್ರ ಹೆಣ್ಣು ಕಥೆಯ ನಡುಮಧ್ಯದಲ್ಲಿದ್ದಳು. ಅಲ್ಲಿ ಆಕೆಗೆ ಸಿಟ್ಟಿತ್ತು, ಗುಟ್ಟಿತ್ತು, ಕಟಕಟೆಯಲ್ಲಿ ನಿಂತು ಆಡುವ ಮಾತಿತ್ತು. ಬರೀ ಚೆಂದದ ಗೊಂಬೆ ಎನ್ನಿಸಿಕೊಂಡವಳಿಗೆ ತಾನು ನಟಿಯೆಂದು ಸಾಧಿಸಿ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಎಲಿಜಬೆತ್ ಮಾಂಟ್ಗೊಮೆರಿ ಹಿಡಿದದ್ದು ಇದೇ ದಾರಿಯನ್ನು. 1964ರಿಂದ 1972ರವರೆಗೆ ‘ಬಿವಿಚ್ಡ್’ ಎಂಬ ಹಾಸ್ಯ ಧಾರಾವಾಹಿಯಲ್ಲಿ ಮೂಗು ಅಲುಗಿಸಿ ಮಾಟ ಮಾಡುವ ಮುದ್ದಾದ ಗೃಹಿಣಿಯಾಗಿ ಆಕೆ ಎಲ್ಲರಿಗೂ ಪ್ರಿಯರಾಗಿದ್ದರು. 1975ರ ಫೆಬ್ರವರಿಯಲ್ಲಿ ಅದೇ ಎಬಿಸಿ ವಾಹಿನಿಯಲ್ಲಿ ಆಕೆ ‘ದಿ ಲೆಜೆಂಡ್ ಆಫ್ ಲಿಜ್ಜಿ ಬೋರ್ಡನ್’ ಚಿತ್ರದ ಲಿಜ್ಜಿಯಾಗಿ ಬಂದರು.

ಲಿಜ್ಜಿ ಬೋರ್ಡನ್ ಯಾರೆಂದು ಅಮೆರಿಕದ ಮಕ್ಕಳಿಗೂ ಗೊತ್ತು. 1892ರ ಆಗಸ್ಟ್ 4ರಂದು ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್ ಎಂಬ ಊರಿನಲ್ಲಿ ಸಿರಿವಂತ ಆಂಡ್ರ್ಯೂ ಬೋರ್ಡನ್ ಮತ್ತು ಆತನ ಎರಡನೆಯ ಹೆಂಡತಿ ಹಾಡಹಗಲೇ ತಮ್ಮ ಮನೆಯೊಳಗೆ ಕೊಡಲಿ ಏಟಿಗೆ ಬಲಿಯಾದರು. ಆರೋಪ ಬಂದದ್ದು ಆತನ 32 ವರ್ಷದ ಅವಿವಾಹಿತ ಮಗಳು ಲಿಜ್ಜಿಯ ಮೇಲೆ. ಚರ್ಚಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಹೆಂಗಸು ಆಕೆ. ಮುಂದಿನ ವರ್ಷ ಜೂನ್ 20ರಂದು ಜ್ಯೂರಿ ಹೆಚ್ಚು ಹೊತ್ತು ತೆಗೆದುಕೊಳ್ಳದೆ ಆಕೆಯನ್ನು ನಿರ್ದೋಷಿಯೆಂದು ಬಿಟ್ಟುಬಿಟ್ಟಿತು. ಬೇರೆ ಯಾರಿಗೂ ಶಿಕ್ಷೆಯಾಗಲಿಲ್ಲ. ಲಿಜ್ಜಿ ಅದೇ ಊರಿನಲ್ಲಿ, ಜನರ ಪಿಸುಮಾತಿನ ನಡುವೆ, 1927ರವರೆಗೂ ಬದುಕಿದಳು.

ಚಿತ್ರ ಏನು ಮಾಡಿತು ನೋಡಿ. ತೀರ್ಪಿಗೆ ಕಾದಿರುವ ಹೊತ್ತಿನಲ್ಲಿ ಲಿಜ್ಜಿಯ ಮನಸ್ಸಿನೊಳಗೆ ಹಾದುಹೋಗುವ ದೃಶ್ಯವೆಂಬಂತೆ ಎರಡೂ ಕೊಲೆಗಳನ್ನು ತೋರಿಸಿತು. ಕೊಲೆ ಮಾಡುತ್ತಿರುವವಳು ಲಿಜ್ಜಿಯೇ. ಆಕೆಯ ಬಟ್ಟೆಯ ಮೇಲೆ ರಕ್ತದ ಕಲೆ ಏಕಿರಲಿಲ್ಲ ಎಂಬ ಹಳೆಯ ಪ್ರಶ್ನೆಗೂ, ಆಕೆ ಬಟ್ಟೆ ಕಳಚಿಟ್ಟು ಈ ಕೆಲಸ ಮಾಡಿದಳೆಂಬ ಉತ್ತರವನ್ನು ಚಿತ್ರವೇ ಕೊಟ್ಟಿತು. ನ್ಯಾಯಾಲಯ ಬಿಟ್ಟ ಹೆಣ್ಣನ್ನು ಟೀವಿ ಮತ್ತೆ ಹಿಡಿದು ತಂದಿತು. ಅನುಮಾನಕ್ಕೊಂದು ಮುಖ ಸಿಕ್ಕಿತು. ಆ ಮುಖ ಎಂಟು ವರ್ಷ ನಮ್ಮನ್ನು ನಗಿಸಿದ ಮುಖವಾದ್ದರಿಂದ ಅದನ್ನು ಮರೆಯುವುದು ಇನ್ನೂ ಕಷ್ಟವಾಯಿತು. ಮಾಂಟ್ಗೊಮೆರಿ ಆ ಪಾತ್ರಕ್ಕೆ ಎಮ್ಮಿ ಪ್ರಶಸ್ತಿಯ ನಾಮಕರಣ ಪಡೆದರು. ಆಕೆ ತೀರಿಕೊಂಡ ಬಳಿಕ ವಂಶಾವಳಿ ಶೋಧಿಸಿದವರು ಇಬ್ಬರ ನಡುವೆ ದೂರದ ರಕ್ತಸಂಬಂಧವಿತ್ತೆಂದು ಕಂಡುಕೊಂಡದ್ದು ಬೇರೆಯೇ ಕೌತುಕ.

ಲಿಜ್ಜಿ ಸತ್ತು ಆಗಲೇ ಅರ್ಧ ಶತಮಾನವಾಗುತ್ತ ಬಂದಿತ್ತು. ಆಕೆಯ ಪರವಾಗಿ ನೊಂದುಕೊಳ್ಳುವವರು ಯಾರೂ ಉಳಿದಿರಲಿಲ್ಲ. ಹಾಗಾಗಿ ಚಿತ್ರದ ತೀರ್ಪನ್ನು ಯಾರೂ ದೊಡ್ಡದು ಮಾಡಲಿಲ್ಲ. ಬದುಕಿರುವವರ ಕಥೆಗೆ ಕೈಹಾಕಿದಾಗ ಮಾತು ಬೇರೆ.

ಡ್ಯಾನ್ಸ್‌ವಿಲ್ಲಿನ ಆ ರಾತ್ರಿ

ಮತ್ತೆ ‘ಉರಿಯುವ ಹಾಸಿಗೆ’ಗೆ ಬರೋಣ. ಚಿತ್ರದ ಹಿಂದಿನ ನಿಜವಾದ ಹೆಣ್ಣಿನ ಹೆಸರು ಫ್ರಾನ್ಸಿನ್ ಹ್ಯೂಸ್. ಹದಿನಾರಕ್ಕೇ ಮದುವೆಯಾದವಳು, ನಾಲ್ಕು ಮಕ್ಕಳ ತಾಯಿ. ಗಂಡನ ಹೊಡೆತ ಬಡಿತ ತಾಳದೆ 1971ರಲ್ಲಿ ವಿಚ್ಛೇದನವನ್ನೂ ಪಡೆದಿದ್ದಳು. ಆದರೆ ಆತ ಕಾರು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡಾಗ ಅವನ ಆರೈಕೆಗೆಂದು ಮರಳಿ ಬಂದಳು. ಬಂದವಳು ಸಿಕ್ಕಿಹಾಕಿಕೊಂಡಳು. ಆತ ಎದ್ದು ಓಡಾಡುವಂತಾದ ಮೇಲೆ ಹೊಡೆತವೂ ಮರಳಿ ಬಂತು.

ಫ್ರಾನ್ಸಿನ್ ನೌಕರಿ ಹಿಡಿಯುವ ಆಸೆಯಿಂದ ಹತ್ತಿರದ ಪಟ್ಟಣದಲ್ಲಿ ಓದಲು ಸೇರಿದ್ದಳು. 1977ರ ಮಾರ್ಚ್ 9ರಂದು ಆತ ಆಕೆಯನ್ನು ಹೊಡೆದು, ಆಕೆಯ ಕೈಯಿಂದಲೇ ಆಕೆಯ ಪುಸ್ತಕಗಳನ್ನು ಸುಡಿಸಿದ. ಪೊಲೀಸರು ಬಂದರು, ನೋಡಿದರು, ಹೋದರು. ತಾವು ಕಣ್ಣಾರೆ ಕಾಣದ ಹೊಡೆತಕ್ಕೆ, ಅದೂ ಮನೆಯೊಳಗಿನ ಜಗಳಕ್ಕೆ, ಬಂಧಿಸುವ ರೂಢಿ ಆ ಕಾಲದಲ್ಲಿ ಇರಲಿಲ್ಲ. ಆ ರಾತ್ರಿ ಆತ ಮಲಗಿದ ಮೇಲೆ ಫ್ರಾನ್ಸಿನ್ ಮಕ್ಕಳನ್ನು ಕಾರಿಗೆ ಕಳಿಸಿ, ಹಾಸಿಗೆಯ ಸುತ್ತ ಪೆಟ್ರೋಲ್ ಸುರಿದು ಬೆಂಕಿ ಇಟ್ಟಳು. ಓಡಿಹೋಗಲಿಲ್ಲ. ಕಾರನ್ನು ನೇರವಾಗಿ ಸೆರೆಮನೆಗೇ ಓಡಿಸಿ ತಾನು ಮಾಡಿದ್ದನ್ನು ಹೇಳಿದಳು.

ಕೊಲೆಯ ಮೊಕದ್ದಮೆ ನಡೆಯಿತು. ಆಕೆಯ ವಕೀಲರ ಮುಂದಿದ್ದ ತೊಡಕು ಸಣ್ಣದಲ್ಲ. ಎದುರಾಳಿ ನಿದ್ದೆ ಮಾಡುತ್ತಿದ್ದಾಗ ಕೊಂದದ್ದನ್ನು ಆತ್ಮರಕ್ಷಣೆ ಎಂದು ಕಾನೂನು ಒಪ್ಪುವುದು ಕಷ್ಟ. ಹೀಗಾಗಿ ಅವರು ಹಿಡಿದದ್ದು ತಾತ್ಕಾಲಿಕ ಬುದ್ಧಿವಿಕಲತೆಯ ವಾದವನ್ನು. ಆ ವರ್ಷದ ನವೆಂಬರಿನಲ್ಲಿ ಜ್ಯೂರಿ ಇದನ್ನು ಒಪ್ಪಿ ಆಕೆಯನ್ನು ಬಿಟ್ಟಿತು. ಫೆಯ್ತ್ ಮ್ಯಾಕ್ನಲ್ಟಿ ಎಂಬ ಲೇಖಕಿ 1980ರಲ್ಲಿ ಇದನ್ನು ಪುಸ್ತಕವಾಗಿಸಿದರು. ಅದರಿಂದ ರಾಬರ್ಟ್ ಗ್ರೀನ್‌ವಾಲ್ಡ್ ನಿರ್ದೇಶನದ ಟೀವಿ ಚಿತ್ರ ಬಂತು.

ಫಾಸೆಟ್ ಈ ಪಾತ್ರಕ್ಕೆ ಏಕಾಏಕಿ ಬಂದವರಲ್ಲ. 1983ರಲ್ಲಿ ನ್ಯೂಯಾರ್ಕಿನ ರಂಗಭೂಮಿಯಲ್ಲಿ ‘ಎಕ್ಸ್‌ಟ್ರಿಮಿಟೀಸ್’ ಎಂಬ ನಾಟಕದಲ್ಲಿ, ಮೇಲೆ ಬಿದ್ದವನನ್ನೇ ಕಟ್ಟಿಹಾಕುವ ಹೆಂಗಸಿನ ಪಾತ್ರ ಮಾಡಿ ತಮ್ಮ ಶಕ್ತಿ ತೋರಿಸಿದ್ದರು. ‘ಉರಿಯುವ ಹಾಸಿಗೆ’ಯಲ್ಲಿ ಆಕೆಯ ಅಭಿನಯ ಗದ್ದಲದ್ದಲ್ಲ. ಸೆರೆಮನೆಯಲ್ಲಿ ಕುಳಿತು ವಕೀಲನಿಗೆ ಹಿಂದಿನದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳುತ್ತಾ ಹೋಗುವ ಹೆಂಗಸು; ಹೇಳುವಾಗ ಕಣ್ಣು ಎತ್ತುವುದಿಲ್ಲ. ಏಟಿಗಿಂತ ಏಟಿನ ನಿರೀಕ್ಷೆ ಎಷ್ಟು ಭಯಂಕರ ಎನ್ನುವುದನ್ನು ಆಕೆಯ ಭುಜ, ಕುತ್ತಿಗೆಗಳೇ ಹೇಳುತ್ತವೆ. ಆಕೆಗೆ ಎಮ್ಮಿ ನಾಮಕರಣ ದೊರೆಯಿತು.

ಇಲ್ಲಿ ನಟಿಯ ಹೆಸರು ಒಂದು ಸಾಮಾಜಿಕ ಕೆಲಸವನ್ನೂ ಮಾಡಿತು. ಹೊಡೆತ ತಿನ್ನುವ ಹೆಂಡತಿಯ ಬಗ್ಗೆ ‘ಅವಳೇ ಏನೋ ಮಾಡಿರಬೇಕು’, ‘ಬಿಟ್ಟು ಹೋಗಬಾರದಿತ್ತೆ’ ಎನ್ನುವವರು ಆ ದೇಶದಲ್ಲೂ ಕಡಿಮೆ ಇರಲಿಲ್ಲ. ಗುರುತಿಲ್ಲದ ಮುಖವೊಂದು ಆ ಪಾತ್ರದಲ್ಲಿದ್ದಿದ್ದರೆ ಆ ಮಾತು ಮತ್ತೆ ಬರುತ್ತಿತ್ತು. ಎಲ್ಲರೂ ಮೆಚ್ಚಿದ ಫರಾ ಫಾಸೆಟ್ ಏಟು ತಿಂದಾಗ ಆ ಮಾತು ಬಾಯಿಗೆ ಬರಲಿಲ್ಲ. ಕೌಟುಂಬಿಕ ಹಿಂಸೆಗೆ ಸಿಕ್ಕವರ ಆಶ್ರಯಧಾಮಗಳಿಗೆ ನೆರವು ನೀಡುವ ಕೇಂದ್ರ ಕಾಯಿದೆ ಅಮೆರಿಕದಲ್ಲಿ ಅದೇ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಇದು ಚಿತ್ರದ ಫಲವಲ್ಲ. ಸಂಸತ್ತಿನಲ್ಲಿ ಅದರ ಕೆಲಸ ವರ್ಷಗಳಿಂದ ನಡೆದಿತ್ತು. ಆದರೆ ಕಾನೂನು ಯಾರಿಗಾಗಿ ಬಂದಿದೆ ಎಂದು ಜನಸಾಮಾನ್ಯರಿಗೆ ತಿಳಿಸಿದ್ದು ಕಡತವಲ್ಲ, ಆ ಬಾತ ಮುಖ.

ಇನ್ನೊಂದು ಮುಖವನ್ನೂ ಹೇಳಬೇಕು. ಫ್ರಾನ್ಸಿನ್ ಹ್ಯೂಸ್ ಮುಂದೆ ಮರುಮದುವೆಯಾಗಿ, ಹೆಸರು ಬದಲಾಗಿ, ದಾದಿಯ ಕೆಲಸ ಮಾಡಿಕೊಂಡು, ಸದ್ದಿಲ್ಲದೆ ಬಾಳಿ 2017ರಲ್ಲಿ ತೀರಿಕೊಂಡಳು. ಸತ್ತ ಸುದ್ದಿ ಬರೆದ ಪತ್ರಿಕೆಗಳು ಆಕೆ ಯಾರೆಂದು ತಿಳಿಸಲು ಫರಾ ಫಾಸೆಟ್ ಹೆಸರನ್ನು ಹೇಳಬೇಕಾಯಿತು. ಆಕೆಯ ಬದುಕಿನ ಅತಿ ಕೆಟ್ಟ ರಾತ್ರಿಗೆ ಬೇರೊಬ್ಬರ ಮುಖ ಶಾಶ್ವತವಾಗಿ ಅಂಟಿಕೊಂಡಿತ್ತು.

ಕಡಲಾಚೆಯ ಇನ್ನೊಂದು ಬೆಂಕಿ

ಇದಕ್ಕೆ ಸರಿಜೋಡಿಯಾದ ಒಂದು ಪ್ರಕರಣ ನಮಗೆ ಇನ್ನಷ್ಟು ಹತ್ತಿರದ್ದು. ಪಂಜಾಬಿನಿಂದ ಮದುವೆಯಾಗಿ ಇಂಗ್ಲೆಂಡಿಗೆ ಹೋದ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷ ಗಂಡನ ಕ್ರೌರ್ಯ ಸಹಿಸಿ, 1989ರ ಮೇ ತಿಂಗಳಲ್ಲಿ ಮಲಗಿದ್ದ ಆತನಿಗೆ ಬೆಂಕಿ ಇಟ್ಟಳು. ಆತ ಕೆಲವು ದಿನಗಳ ನಂತರ ಸತ್ತ. ಅಲ್ಲಿನ ನ್ಯಾಯಾಲಯ ಅದೇ ಡಿಸೆಂಬರಿನಲ್ಲಿ ಆಕೆಗೆ ಜೀವಾವಧಿ ಶಿಕ್ಷೆ ವಿಧಿಸಿತು. ಸೌಥಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಮಹಿಳಾ ಸಂಘಟನೆ ಆಕೆಯ ಪರವಾಗಿ ಹೋರಾಡಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಬಳಿಕ ಕೊಲೆಯಲ್ಲದ ನರಹತ್ಯೆಯೆಂದು ತೀರ್ಮಾನವಾಗಿ, ಅದುವರೆಗೆ ಆಕೆ ಕಳೆದಿದ್ದ ಮೂರು ವರ್ಷ ನಾಲ್ಕು ತಿಂಗಳ ಸೆರೆವಾಸವೇ ಸಾಕೆಂದು ಬಿಡುಗಡೆಯಾಯಿತು. ಸತತ ಹಿಂಸೆಗೆ ಸಿಕ್ಕವರ ಮನಃಸ್ಥಿತಿಯನ್ನು ನ್ಯಾಯಾಲಯ ಹೇಗೆ ನೋಡಬೇಕೆಂಬ ಚರ್ಚೆಯಲ್ಲಿ ಇಂದಿಗೂ ಉಲ್ಲೇಖವಾಗುವ ಮೊಕದ್ದಮೆ ಇದು.

ಇದನ್ನು ಜಗಮೋಹನ್ ಮೂಂದ್ರಾ 2006ರಲ್ಲಿ ‘ಪ್ರವೋಕ್ಡ್’ ಎಂಬ ಚಲನಚಿತ್ರವಾಗಿಸಿದಾಗ ಕಿರಣ್‌ಜಿತ್ ಆದವರು ಮಂಗಳೂರು ಮೂಲದ ಐಶ್ವರ್ಯಾ ರೈ. ಇದು ಹಿರಿತೆರೆಯ ಚಿತ್ರ, ಕಿರುತೆರೆಯದಲ್ಲ. ಆದರೂ ಆಯ್ಕೆಯ ಹಿಂದಿನ ಲೆಕ್ಕಾಚಾರ 1984ರದ್ದೇ: ಜಗತ್ತು ಚೆಲುವೆಯೆಂದು ಒಪ್ಪಿದ ಮುಖವನ್ನು ಕೈದಿಯಾಗಿಸಿ ನಿಲ್ಲಿಸಿದರೆ, ಕೈದಿಯ ಮಾತನ್ನು ಜಗತ್ತು ಕೇಳುತ್ತದೆ. ಇಂಗ್ಲೆಂಡಿನ ಕಾನೂನು ವಿದ್ಯಾರ್ಥಿಗಳಿಗಷ್ಟೇ ಗೊತ್ತಿದ್ದ ಹೆಸರು ಇದರಿಂದ ನಮ್ಮ ಊರುಗಳನ್ನೂ ತಲುಪಿತು. ಲಾಭವಿಲ್ಲವೆಂದು ಹೇಳುವಂತಿಲ್ಲ.

ಸಾಕ್ಷಿಯ ಕುರ್ಚಿ

ಆರೋಪಿಯ ಕುರ್ಚಿಯಲ್ಲಿ ನಟಿಯನ್ನು ಕೂರಿಸಿದರೆ ಒಂದು ಅಪಾಯವಿದೆ. ಅಪರಾಧಿಗೆ ನಿಜಕ್ಕೂ ಯಾವ ಸಮರ್ಥನೆಯೂ ಇಲ್ಲದಿದ್ದಾಗ ಏನು ಮಾಡುವುದು? ಒಳ್ಳೆಯ ಅಭಿನಯ ಯಾವ ಪಾತ್ರಕ್ಕೂ ಒಂದಿಷ್ಟು ಮನುಷ್ಯತ್ವ ತುಂಬಿಯೇ ತುಂಬುತ್ತದೆ. ರನ್ನನ ಕೈಯಲ್ಲಿ ದುರ್ಯೋಧನ ಏನಾದನೆಂಬುದು ಕನ್ನಡಿಗರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಪುರಾಣದ ದುರ್ಯೋಧನನಿಗೆ ಅದು ಸಲ್ಲಬಹುದು. ನಿನ್ನೆ ಮೊನ್ನೆ ಹೆಣ್ಣುಮಕ್ಕಳನ್ನು ಕೊಂದು ಮನೆಯಡಿ ಹೂತಿಟ್ಟವನಿಗೆ ಅದು ಸಲ್ಲಬೇಕೆ?

ಬ್ರಿಟನ್ನಿನ ಐಟೀವಿ ವಾಹಿನಿಗೆ ಈ ಪ್ರಶ್ನೆ ಎದುರಾದದ್ದು ಫ್ರೆಡ್ ವೆಸ್ಟ್ ಪ್ರಕರಣವನ್ನು ಎತ್ತಿಕೊಂಡಾಗ. ಗ್ಲಾಸ್ಟರ್ ನಗರದ ಕ್ರಾಮ್‌ವೆಲ್ ಬೀದಿಯ 25ನೆಯ ಮನೆಯ ಹಿತ್ತಲನ್ನೂ ನೆಲಮಾಳಿಗೆಯನ್ನೂ 1994ರಲ್ಲಿ ಅಗೆದಾಗ ಒಂದರ ಹಿಂದೊಂದು ಶವಗಳು ಸಿಕ್ಕವು. ಫ್ರೆಡ್ ವೆಸ್ಟ್ ವಿಚಾರಣೆಗೆ ಮೊದಲೇ, 1995ರ ಜನವರಿ 1ರಂದು ಜೈಲಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಆತನ ಹೆಂಡತಿ ರೋಸ್‌ಮೇರಿ ಹತ್ತು ಕೊಲೆಗಳ ಅಪರಾಧಿಯೆಂದು ಅದೇ ವರ್ಷದ ನವೆಂಬರಿನಲ್ಲಿ ತೀರ್ಪು ಬಂತು.

2011ರಲ್ಲಿ ಪ್ರಸಾರವಾದ ‘ಅಪ್ರೋಪ್ರಿಯೇಟ್ ಅಡಲ್ಟ್’ ಎಂಬ ಎರಡು ಕಂತಿನ ನಾಟಕದ ಲೇಖಕ ನೀಲ್ ಮೆಕೇ, ಕೊಲೆಗಾರನನ್ನೂ ಕೊಲೆಗಳನ್ನೂ ಬಿಟ್ಟು ಕಥೆಯ ಕೇಂದ್ರಕ್ಕೆ ಬೇರೊಬ್ಬರನ್ನು ತಂದರು. ಬಾಲಕರನ್ನು ಅಥವಾ ಬುದ್ಧಿಶಕ್ತಿ ಸಾಲದವರನ್ನು ಪೊಲೀಸರು ಪ್ರಶ್ನಿಸುವಾಗ ಮೂರನೆಯ ವ್ಯಕ್ತಿಯೊಬ್ಬರು ಜೊತೆಗಿರಬೇಕೆಂದು ಅಲ್ಲಿನ 1984ರ ಕಾಯಿದೆಯಡಿ ನಿಯಮವಿದೆ. ನಾಟಕದ ಹೆಸರು ಸೂಚಿಸುವುದು ಆ ವ್ಯಕ್ತಿಯನ್ನೇ. ಫ್ರೆಡ್ ವೆಸ್ಟ್‌ನ ಜೊತೆ ಕೂರಲು ಕರೆಸಿಕೊಂಡದ್ದು ಜಾನೆಟ್ ಲೀಚ್ ಎಂಬ ಗೃಹಿಣಿಯನ್ನು. ಮನೆ, ಮಕ್ಕಳ ನಡುವೆ ಬಿಡುವು ಮಾಡಿಕೊಂಡು ಸ್ವಯಂಸೇವೆಗೆ ಬಂದ ಸಾಮಾನ್ಯ ಹೆಂಗಸು. ಆತ ಆಡಿದ ಭೀಕರ ಮಾತುಗಳನ್ನು ಆಕೆ ಯಾರ ಮುಂದೆಯೂ ಬಾಯಿ ಬಿಡುವಂತಿರಲಿಲ್ಲ.

ಈ ಪಾತ್ರಕ್ಕೆ ಬಂದವರು ಎಮಿಲಿ ವಾಟ್ಸನ್. ‘ಬ್ರೇಕಿಂಗ್ ದಿ ವೇವ್ಸ್’ ಮತ್ತು ‘ಹಿಲರಿ ಅಂಡ್ ಜಾಕಿ’ ಚಿತ್ರಗಳಿಗೆ ಎರಡು ಬಾರಿ ಆಸ್ಕರ್ ನಾಮಕರಣ ಪಡೆದ ಕಲಾವಿದೆ. ಈ ನಾಟಕದಲ್ಲಿ ಆಕೆಯ ಮುಖ್ಯ ಕೆಲಸ ಕೇಳಿಸಿಕೊಳ್ಳುವುದು, ಅಷ್ಟೇ! ಮಾತೆಲ್ಲ ವೆಸ್ಟ್ ಪಾತ್ರಧಾರಿ ಡಾಮಿನಿಕ್ ವೆಸ್ಟ್‌ಗೆ. ಕೇಳಿಸಿಕೊಳ್ಳುವ ಮುಖದ ಮೇಲೆ ಕುತೂಹಲ, ಅಸಹ್ಯ, ತಾನು ಮುಖ್ಯಳೆನಿಸಿದ ಒಂದು ಸಣ್ಣ ಹೆಮ್ಮೆ, ಆ ಹೆಮ್ಮೆಗೆ ನಾಚಿಕೆ, ಎಲ್ಲವೂ ಒಂದಾದ ಮೇಲೊಂದು ಸುಳಿಯುತ್ತವೆ. ಇಂಥದ್ದನ್ನು ಹೊಸಬರ ಕೈಲಿ ಮಾಡಿಸಲಾಗದು. ಕೊಲೆಯ ಒಂದು ದೃಶ್ಯವೂ ಇಲ್ಲ. ಅದರ ಭೀಕರತೆಯನ್ನೆಲ್ಲ ನಾವು ಆ ಮುಖದಲ್ಲೇ ಓದುತ್ತೇವೆ.

ಲೀಚ್ ಕೂಡ ಪೂರ್ತಿ ಬಿಳಿಯ ಪಾತ್ರವಲ್ಲ. ರೋಸ್‌ಮೇರಿಯ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಬಂದಾಗ, ಆಕೆ ಪತ್ರಿಕೆಯೊಂದರ ಜೊತೆ ಹಣದ ಒಪ್ಪಂದ ಮಾಡಿಕೊಂಡಿದ್ದ ಸಂಗತಿ ಬಯಲಾಯಿತು. ಆಕೆ ನ್ಯಾಯಾಲಯದಲ್ಲೇ ಅಸ್ವಸ್ಥರಾದರು. ನಾಟಕ ಇದನ್ನು ಮುಚ್ಚಿಡಲಿಲ್ಲ. ಇಂಥ ನಾಟಕ ಬೇಕಿತ್ತೇ ಎಂದು ವೆಸ್ಟ್ ಕುಟುಂಬದಿಂದಲೇ ಆಕ್ಷೇಪ ಬಂತು. ಮುಂದಿನ ವರ್ಷ ಬಾಫ್ಟಾ ಪ್ರಶಸ್ತಿಗಳಲ್ಲಿ ವಾಟ್ಸನ್, ಡಾಮಿನಿಕ್ ವೆಸ್ಟ್, ಮತ್ತು ರೋಸ್‌ಮೇರಿ ಪಾತ್ರ ಮಾಡಿದ ಮೋನಿಕಾ ಡೋಲನ್ ಮೂವರೂ ಗೆದ್ದರು. ಆಕ್ಷೇಪವೂ ನಿಜ, ಅಭಿನಯದ ಹಿರಿಮೆಯೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ದೆಹಲಿಯ ಠಾಣೆಯೊಳಗಿಂದ

ನಮ್ಮ ದೇಶದಲ್ಲಿ ಈ ಬಗೆಯ ನಾಟಕಕ್ಕೆ ದೊಡ್ಡ ತಿರುವು ಕೊಟ್ಟದ್ದು 2019ರ ಮಾರ್ಚಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಡೆಲ್ಲಿ ಕ್ರೈಮ್’. ರಿಚಿ ಮೆಹ್ತಾ ಅದರ ನಿರ್ದೇಶಕರು. 2012ರ ಡಿಸೆಂಬರ್ 16ರ ರಾತ್ರಿ ಚಲಿಸುವ ಬಸ್ಸಿನಲ್ಲಿ ಯುವತಿಯೊಬ್ಬಳ ಮೇಲೆ ನಡೆದ ಸಾಮೂಹಿಕ ಅತ್ಯಾಚಾರ, ಬಳಿಕ ಆಕೆಯ ಸಾವು, ಇಡೀ ದೇಶ ಬೀದಿಗಿಳಿದದ್ದು ಓದುಗರಿಗೆ ನೆನಪಿರುತ್ತದೆ.

ಇಂಥ ಕಥೆಗೆ ಕೈಹಾಕಲು ನಮ್ಮಲ್ಲಿ ಕಾನೂನಿನ ಚೌಕಟ್ಟೊಂದಿದೆ. 1994ರಲ್ಲಿ ಆಟೋ ಶಂಕರ್ ಎಂಬ ತಮಿಳುನಾಡಿನ ಮರಣದಂಡನೆಯ ಕೈದಿಯ ಆತ್ಮಕಥೆಯನ್ನು ಪತ್ರಿಕೆಯೊಂದು ಪ್ರಕಟಿಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ವ್ಯಕ್ತಿಯ ಖಾಸಗಿ ಬದುಕು ಆತನ ಹಕ್ಕು. ಆದರೆ ನ್ಯಾಯಾಲಯದ ಕಡತದಂಥ ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಆತನ ಒಪ್ಪಿಗೆ ಇಲ್ಲದೆಯೂ ಬರೆಯಬಹುದೆಂದು ಕೋರ್ಟು ಹೇಳಿತು. ಅದೇ ಉಸಿರಿನಲ್ಲಿ ಒಂದು ಎಚ್ಚರವನ್ನೂ ಸೇರಿಸಿತು: ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣಿನ ಹೆಸರು, ಆ ಘಟನೆ ಪ್ರಚಾರಕ್ಕೆ ಬರುವ ಅವಮಾನಕ್ಕೆ ಆಕೆಯನ್ನು ಗುರಿಮಾಡಬಾರದು. ಅಂಥವರ ಗುರುತು ಬಯಲು ಮಾಡುವುದು 1983ರಿಂದಲೇ ಅಪರಾಧ. ಹೀಗಾಗಿ ‘ಡೆಲ್ಲಿ ಕ್ರೈಮ್’ನಲ್ಲಿ ಹೆಸರುಗಳು ಬದಲಾಗಿವೆ.

ಅದಕ್ಕಿಂತ ಮುಖ್ಯವಾದದ್ದು ಮೆಹ್ತಾ ಕ್ಯಾಮೆರಾ ಇಟ್ಟ ಜಾಗ. ಬಸ್ಸಿನೊಳಗೆ ಅದು ಹೋಗುವುದೇ ಇಲ್ಲ. ತನಿಖೆಯ ಹೊಣೆ ಹೊತ್ತ ಡಿಸಿಪಿ ವರ್ತಿಕಾ ಚತುರ್ವೇದಿಯ ಬೆನ್ನು ಹಿಡಿದು ಹೋಗುತ್ತದೆ. ಆಗ ದಕ್ಷಿಣ ದೆಹಲಿಯ ಡಿಸಿಪಿಯಾಗಿದ್ದ ಛಾಯಾ ಶರ್ಮಾ ಅವರನ್ನು ಆಧರಿಸಿದ ಪಾತ್ರವಿದು. ಮಾಡಿದವರು ಶೆಫಾಲಿ ಶಾ. ‘ಸತ್ಯ’ (1998), ‘ಮಾನ್ಸೂನ್ ವೆಡ್ಡಿಂಗ್’ (2001) ಚಿತ್ರಗಳಲ್ಲಿ ಮೆಚ್ಚುಗೆ ಗಳಿಸಿಯೂ, ವಯಸ್ಸಿಗೆ ಮೀರಿದ ತಾಯಿಯ ಪಾತ್ರಗಳಿಗೇ ಸೀಮಿತರಾಗಿದ್ದ ಕಲಾವಿದೆ. ಅಮೆರಿಕದಲ್ಲಿ ಮಾಂಟ್ಗೊಮೆರಿ, ಫಾಸೆಟ್ ಅವರಿಗೆ ಆದದ್ದೇ ಇಲ್ಲೂ ಆಯಿತು. ನಡೆದ ಅಪರಾಧದ ಕಥೆಯೊಂದು ನಟಿಗೆ ಬಹುಕಾಲ ಸಿಗದಿದ್ದ ಮುಖ್ಯ ಪಾತ್ರವನ್ನು ಕೊಟ್ಟಿತು. 2020ರಲ್ಲಿ ಈ ಸರಣಿ ಅತ್ಯುತ್ತಮ ನಾಟಕಕ್ಕೆ ಇಂಟರ್‌ನ್ಯಾಷನಲ್ ಎಮ್ಮಿ ಗಳಿಸಿತು; ಆ ವಿಭಾಗದಲ್ಲಿ ಭಾರತಕ್ಕೆ ಬಂದ ಮೊದಲ ಪ್ರಶಸ್ತಿ ಅದು.

ಯುವತಿಯ ಸ್ಥಿತಿಯನ್ನು ವೈದ್ಯರು ವಿವರಿಸುವಾಗ ಶೆಫಾಲಿ ಅವರ ಕಣ್ಣು ತುಂಬಿಯೂ ತುಳುಕುವುದಿಲ್ಲ. ಆ ತಡೆದ ನೀರೇ ಸರಣಿಯ ಶಕ್ತಿ. ಆದರೆ ಕುರ್ಚಿಯ ಮಾತನ್ನು ಇಲ್ಲೂ ಮರೆಯಬಾರದು. ಅಧಿಕಾರಿಯ ಪಕ್ಕ ಕೂತ ಪ್ರೇಕ್ಷಕನಿಗೆ, ಹೊರಗೆ ಘೋಷಣೆ ಕೂಗುತ್ತಿರುವ ಜನ ತನಿಖೆಗೆ ಅಡ್ಡ ಬರುವ ಗದ್ದಲದಂತೆ ಕಾಣುತ್ತಾರೆ. ನಿಜದಲ್ಲಿ ಆ ಡಿಸೆಂಬರಿನ ಚಳಿಯಲ್ಲಿ ಅವರ ಮೇಲೆ ಜಲಫಿರಂಗಿ ಹಾರಿತ್ತು, ಲಾಠಿ ಬೀಸಿತ್ತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ರಚನೆಯಾದದ್ದು, 2013ರಲ್ಲಿ ಅತ್ಯಾಚಾರ ಕಾನೂನು ತಿದ್ದುಪಡಿಯಾದದ್ದು ಅವರ ಕೂಗಿನ ಬಲದಿಂದಲೂ ಹೌದು. ಪೊಲೀಸರನ್ನು ತೀರಾ ಸಹಾನುಭೂತಿಯಿಂದ ನೋಡಲಾಗಿದೆ ಎಂಬ ಟೀಕೆ ಸರಣಿಗೆ ಬಂದದ್ದು ಸುಮ್ಮನೆ ಅಲ್ಲ.

ಗೋಡೆಯೊಂದು ಸರಿದಾಗ

ಒಳ್ಳೆಯ ನಟಿ ಸಿಕ್ಕಾಗ ಕಥೆ ಆಕೆಯ ಕಡೆಗೆ ಎಷ್ಟು ವಾಲುತ್ತದೆ ಎನ್ನುವುದಕ್ಕೆ ಒಂದು ಸಣ್ಣ ನಿದರ್ಶನ ಸಾಕು. ಮಿಲ್ವಾಕಿ ನಗರದ ಸರಣಿ ಹಂತಕ ಜೆಫ್ರಿ ಡಾಮರ್ ಕುರಿತು 2022ರಲ್ಲಿ ಬಂದ ನೆಟ್‌ಫ್ಲಿಕ್ಸ್ ಸರಣಿಯಲ್ಲಿ ನೀಸಿ ನ್ಯಾಶ್ ಅವರದ್ದು ಗ್ಲೆಂಡಾ ಕ್ಲೀವ್‌ಲ್ಯಾಂಡ್ ಪಾತ್ರ. 1991ರ ಮೇ ತಿಂಗಳಲ್ಲಿ ಆತನಿಂದ ತಪ್ಪಿಸಿಕೊಂಡಿದ್ದ ಬಾಲಕನ ಬಗ್ಗೆ ಪೊಲೀಸರಿಗೆ ಪದೇ ಪದೇ ಫೋನು ಮಾಡಿ, ಅವರು ಕಿವಿಗೊಡದೆ ಹೋದಾಗ ಪರಿತಪಿಸಿದ ಕಪ್ಪು ಮಹಿಳೆ ಗ್ಲೆಂಡಾ. ಆಕೆ ನಿಜವಾಗಿ ವಾಸವಿದ್ದದ್ದು ಪಕ್ಕದ ಕಟ್ಟಡದಲ್ಲಿ. ಸರಣಿ ಆಕೆಯನ್ನು ಹಂತಕನ ಗೋಡೆಯಾಚೆಯ ನೆರೆಯವಳನ್ನಾಗಿ ಮಾಡಿತು. ಮತ್ತೊಬ್ಬ ನೆರೆಯಾಕೆಗೆ ಸೇರಿದ್ದನ್ನೂ ಆಕೆಯ ಪಾತ್ರಕ್ಕೇ ಜೋಡಿಸಿತು. ನ್ಯಾಶ್ ಎಮ್ಮಿ ಗೆದ್ದರು. ಯಾರೂ ಮಾತು ಕೇಳದ ಹೆಣ್ಣಿಗೆ ಕೊನೆಗೂ ದನಿ ಸಿಕ್ಕಿತೆಂದು ಅನೇಕರು ಸಂತೋಷಪಟ್ಟರು. ಆದರೆ ಕೊಲೆಯಾದವರ ಬಂಧುಗಳಲ್ಲಿ ಕೆಲವರು, ನಮ್ಮನ್ನು ಒಂದು ಮಾತೂ ಕೇಳದೆ ನಮ್ಮ ಗಾಯವನ್ನು ಮತ್ತೆ ಕೆದಕಿದರೆಂದು ನೊಂದು ನುಡಿದರು.

ಇಷ್ಟೂ ಉದಾಹರಣೆಗಳಲ್ಲಿ ನಟಿ ಕೂತದ್ದು ಆರೋಪಿಯ, ಸಾಕ್ಷಿಯ, ಅಧಿಕಾರಿಯ, ನೆರೆಯವಳ ಜಾಗಗಳಲ್ಲಿ. ಖಾಲಿ ಉಳಿದ ಜಾಗ ಒಂದೇ, ಸತ್ತವರದ್ದು. ಸತ್ತವರಿಗೆ ಕಥೆಯಲ್ಲಿ ಹೆಚ್ಚು ಮಾತಿರುವುದಿಲ್ಲ. ಮಾತಿಲ್ಲದ ಪಾತ್ರಕ್ಕೆ ದೊಡ್ಡ ಕಲಾವಿದೆಯನ್ನು ಯಾರೂ ಕರೆಯುವುದಿಲ್ಲ. ಕ್ರಾಮ್‌ವೆಲ್ ಬೀದಿಯ ಹೆಣ್ಣುಮಕ್ಕಳ ಹೆಸರು ನಮಗೆ ಗೊತ್ತಿಲ್ಲ, ಫ್ರೆಡ್ ವೆಸ್ಟ್‌ನ ಹೆಸರು ಗೊತ್ತಿದೆ. ಇದು ಯಾವ ಒಬ್ಬ ನಟಿಯ ತಪ್ಪೂ ಅಲ್ಲ. ಈ ಬಗೆಯ ನಾಟಕದ ಕಟ್ಟೋಣವೇ ಹಾಗಿದೆ.

ಹಾಗೆಂದು ಇಂಥ ನಾಟಕಗಳೇ ಬೇಡವೆನ್ನಲಾಗದು. ಹೊಡೆಸಿಕೊಂಡ ಹೆಂಡತಿಯ ಮೌನಕ್ಕೆ 1984ರಲ್ಲಿ ಫಾಸೆಟ್ ಕೊಟ್ಟ ಮುಖ ಯಾರಿಗೋ, ಯಾವುದೋ ಊರಿನಲ್ಲಿ, ಬಾಗಿಲು ತೆರೆದು ಹೊರಬರುವ ಧೈರ್ಯ ಕೊಟ್ಟಿರಬಹುದು. ಆದರೆ ನೋಡುವವರು ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಳ್ಳಬಹುದು: ಇಲ್ಲಿ ನನ್ನನ್ನು ಯಾರ ಪಕ್ಕ ಕೂರಿಸಿದ್ದಾರೆ, ಇನ್ನೊಂದು ಬದಿಯಿಂದ ನೋಡಿದ್ದರೆ ಏನು ಕಾಣುತ್ತಿತ್ತು? ಚಿತ್ರೀಕರಣ ಮುಗಿದ ಸಂಜೆ ನಟಿ ಬಣ್ಣ ಕಳಚಿ ಮನೆಗೆ ಹೋಗುತ್ತಾಳೆ. ಫ್ರಾನ್ಸಿನ್ ಹ್ಯೂಸ್‌ಗೆ ಕಳಚಲು ಬಣ್ಣವಿರಲಿಲ್ಲ. ತೀರ್ಪು ಬಂದ ಮೇಲೂ ಆಕೆ ನಲವತ್ತು ವರ್ಷ ಆ ರಾತ್ರಿಯ ಜೊತೆಗೇ ಬದುಕಿದಳು.